ಖನಿಜಗಳು: ಸ್ವರೂಪ, ವರ್ಗೀಕರಣ ಮತ್ತು ಆರೋಗ್ಯ

ಚೆನ್ನೈ ನಗರದ ದಕ್ಷಿಣ ಭಾಗದಲ್ಲಿ, ವಿಮಾನ ನಿಲ್ದಾಣದ ಸುತ್ತಮುತ್ತ, ಪರಂಗಿಮಲೆ, ತ್ರಿಶೂಲಂ ಮತ್ತು ಪಲ್ಲಾವರಂ ಗುಡ್ಡಗಳಿವೆ. ತಾಂಬರಂ ಕಡೆಗೆ ವಿದ್ಯುತ್ ರೈಲಿನಲ್ಲಿ ದಿನವೂ ಹೋಗಿಬರುವ ಕನ್ನಡಿಗರ ಕಣ್ಣಿಗೆ ಇವು ಸಾಮಾನ್ಯ ಕರಿಗಲ್ಲಿನ ಗುಡ್ಡಗಳು. ಆದರೆ ಭೂವಿಜ್ಞಾನದ ಗ್ರಂಥಗಳಲ್ಲಿ ಈ ಕಲ್ಲು ಜಗತ್ಪ್ರಸಿದ್ಧವಾದುದು. ಕಲ್ಕತ್ತೆಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಯಾಗಿದ್ದ ಜಾಬ್ ಚಾರ್ನಕನ ಸಮಾಧಿಯ ಶಿಲೆಯೂ ಇದೇ ಜಾತಿಯದು. ಆ ಕಾರಣದಿಂದ ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ 1893ರಲ್ಲಿ ಇದಕ್ಕೆ 'ಚಾರ್ನಕೈಟ್' ಎಂದು ಹೆಸರಿಟ್ಟನು. ಪಲ್ಲಾವರದ ಈ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಈ ಕಲ್ಲಿನ ಹೊಸದಾಗಿ ಒಡೆದ ತುಂಡೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಒಂದೇ ಪದಾರ್ಥವಲ್ಲವೆಂಬುದು ತಿಳಿಯುತ್ತದೆ. ನೀಲಿ ಛಾಯೆಯ ಬೆಣಚುಕಲ್ಲಿನ ಕಣಗಳು, ನಯವಾದ ಮುಖಗಳುಳ್ಳ ಫೆಲ್ಡ್‌ಸ್ಪಾರ್ ಹರಳುಗಳು, ಕಂದುಗಪ್ಪಾದ ಹೈಪರ್‌ಸ್ತೀನ್ ಕಣಗಳು ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಈ ಒಂದೊಂದು ಬಗೆಯ ಕಣವೂ ಒಂದೊಂದು ಖನಿಜ. ಇವೆಲ್ಲ ಕೂಡಿದ ರಾಶಿಯೇ ಶಿಲೆ. ಚಿತ್ರಾನ್ನದಲ್ಲಿ ಅನ್ನ, ಕಡಲೆಕಾಯಿ ಬೀಜ, ಸಾಸಿವೆ, ಮೆಣಸಿನಕಾಯಿಗಳು ತಮ್ಮ ತಮ್ಮ ಗುಣವನ್ನು ಉಳಿಸಿಕೊಂಡೇ ಒಂದು ತಿನಿಸಾಗುವಂತೆ, ಶಿಲೆಯಲ್ಲಿ ಖನಿಜಗಳು ಇರುತ್ತವೆ. ಶಿಲೆ ಮತ್ತು ಖನಿಜಗಳ ಈ ಭೇದವನ್ನು ಅರಿಯುವುದು ಖನಿಜ ವಿಜ್ಞಾನದ ಮೊದಲ ಪಾಠ.

ಖನಿಜವೆಂದರೇನು?

ಖನಿಯಲ್ಲಿ, ಎಂದರೆ ಗಣಿಯಲ್ಲಿ, ಹುಟ್ಟಿದ್ದು ಖನಿಜ. ಇದು ಪದದ ಅರ್ಥ. ವಿಜ್ಞಾನದ ಅರ್ಥ ಇದಕ್ಕಿಂತ ಬಿಗಿಯಾದುದು. ಒಂದು ವಸ್ತು ಖನಿಜವೆನಿಸಬೇಕಾದರೆ ಸಾಮಾನ್ಯವಾಗಿ ಐದು ಲಕ್ಷಣಗಳಿರಬೇಕು. ಅದು ನಿಸರ್ಗದಲ್ಲಿ ತಾನಾಗಿ ಉಂಟಾಗಿರಬೇಕು. ಘನರೂಪದಲ್ಲಿರಬೇಕು. ಗಿಡಮರ, ಪ್ರಾಣಿಗಳ ಜೈವಿಕ ಪದಾರ್ಥವಾಗಿರಬಾರದು. ಅದರ ರಾಸಾಯನಿಕ ರಚನೆ ನಿಶ್ಚಿತವಾಗಿರಬೇಕು, ಅಥವಾ ಗೊತ್ತಾದ ಮಿತಿಯೊಳಗೆ ಮಾತ್ರ ವ್ಯತ್ಯಾಸವಾಗಬೇಕು. ಕೊನೆಯದಾಗಿ, ಅದರ ಪರಮಾಣುಗಳು ಕ್ರಮಬದ್ಧವಾಗಿ ಜೋಡಣೆಗೊಂಡು ಹರಳಿನ ಕಟ್ಟಡವಾಗಿರಬೇಕು.

ಈ ಒರೆಗಲ್ಲಿಗೆ ಹಚ್ಚಿದರೆ ಕೆಲವು ವಿಚಿತ್ರಗಳು ಕಾಣುತ್ತವೆ. ಕಲ್ಲಿದ್ದಲು ಗಣಿಯಿಂದಲೇ ಬಂದರೂ ಸಸ್ಯಮೂಲವಾದುದರಿಂದ ವಿಜ್ಞಾನಿಗೆ ಖನಿಜವಲ್ಲ. ಗಾಜಿನಲ್ಲಿ ಪರಮಾಣುಗಳ ಕ್ರಮಬದ್ಧ ಜೋಡಣೆ ಇಲ್ಲವಾದುದರಿಂದ ಅದೂ ಖನಿಜವಲ್ಲ. ಹಿಮಾಲಯದ ಮೇಲಿನ ಮಂಜುಗಡ್ಡೆಯಾದರೋ ಖನಿಜ! ಪಾದರಸ ದ್ರವವಾದರೂ ಸಂಪ್ರದಾಯದಿಂದ ಈ ಪಟ್ಟಿಯಲ್ಲಿ ಸ್ಥಾನ ಪಡೆದಿದೆ. ಹೀಗೆ ಇದುವರೆಗೆ 6000ಕ್ಕೂ ಮಿಕ್ಕಿದ ಖನಿಜಗಳು ಅಂತರರಾಷ್ಟ್ರೀಯ ಮಾನ್ಯತೆ ಪಡೆದಿವೆ. ಆದರೆ ಭೂಮಿಯ ಹೊರಚಿಪ್ಪಿನ ಬಹುಭಾಗವನ್ನು ಕಟ್ಟಿರುವುವು ಇವುಗಳಲ್ಲಿ ಕೆಲವೇ ಕೆಲವು.

ರಚನೆಯಷ್ಟೇ ಜೋಡಣೆಯೂ ಮುಖ್ಯವೆಂಬುದಕ್ಕೆ ವಜ್ರ ಮತ್ತು ಗ್ರಾಫೈಟ್ ಸಾಕ್ಷಿಗಳು. ಎರಡೂ ಶುದ್ಧ ಇಂಗಾಲವೇ. ಪರಮಾಣುಗಳು ನಾಲ್ಕು ದಿಕ್ಕಿಗೂ ಬಿಗಿಯಾಗಿ ಬೆಸೆದುಕೊಂಡಾಗ ಅತಿ ಕಠಿಣವಾದ ವಜ್ರ. ಹಾಳೆಹಾಳೆಯಾಗಿ ಸಡಿಲವಾಗಿ ಕುಳಿತಾಗ ಪೆನ್ಸಿಲಿನ ಕಡ್ಡಿಯ ಮೆತ್ತನೆಯ ಗ್ರಾಫೈಟ್.

ಗುರುತಿಸುವ ಬಗೆ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಖನಿಜಗಳಿಗೆ ಚೆನ್ನಾಗಿ ಒಪ್ಪುತ್ತದೆ. ಸೇಲಂ ಬಳಿಯ ಬಿಳಿಯ ಗುಡ್ಡಗಳನ್ನು ಆಂಗ್ಲರು ಸೀಮೆಸುಣ್ಣದ ಗುಡ್ಡಗಳೆಂದು ಕರೆದರು. ಅಲ್ಲಿರುವುದು ಸುಣ್ಣವಲ್ಲ, ಮ್ಯಾಗ್ನೆಸೈಟ್, ಎಂದರೆ ಮ್ಯಾಗ್ನೀಸಿಯಂ ಕಾರ್ಬೊನೇಟ್. ಹಿತ್ತಾಳೆಯ ಬಣ್ಣದ ಪೈರೈಟ್ ಎಷ್ಟೋ ಜನರಿಗೆ ಚಿನ್ನದ ಭ್ರಮೆ ಹುಟ್ಟಿಸಿದೆ. ಕನ್ನಡಿಗರು ಅಭ್ರಕಕ್ಕೆ 'ಕಾಗೆಬಂಗಾರ' ಎಂದು ಹೆಸರಿಟ್ಟಿರುವುದರಲ್ಲಿ ಇಂತಹ ಭ್ರಮೆಯ ಎಚ್ಚರಿಕೆಯೂ ಅಡಗಿದೆ.

ಆದುದರಿಂದ ಬಣ್ಣವೊಂದನ್ನೇ ನಂಬದೆ ಹೊಳಪು, ಒರೆಯ ಗೆರೆಯ ಬಣ್ಣ, ಸೀಳುವ ರೀತಿ, ತೂಕ, ಕಾಠಿಣ್ಯ ಮುಂತಾದುವನ್ನು ಪರೀಕ್ಷಿಸುತ್ತಾರೆ. ಕಾಠಿಣ್ಯವನ್ನು ಅಳೆಯಲು ಫ್ರೆಡರಿಕ್ ಮೋಸ್ ಎಂಬುವನು 1812ರಲ್ಲಿ ಹತ್ತು ಮೆಟ್ಟಿಲುಗಳ ಮಾಪನವೊಂದನ್ನು ಸೂಚಿಸಿದನು. ಮೊದಲ ಮೆಟ್ಟಿಲಿನಲ್ಲಿ ಟಾಲ್ಕ್, ಎರಡರಲ್ಲಿ ಜಿಪ್ಸಂ, ಮೂರರಲ್ಲಿ ಕ್ಯಾಲ್ಸೈಟ್, ಐದರಲ್ಲಿ ಅಪಟೈಟ್, ಏಳರಲ್ಲಿ ಬೆಣಚುಕಲ್ಲು, ಹತ್ತರಲ್ಲಿ ವಜ್ರ. ಮೇಲಿನ ಮೆಟ್ಟಿಲಿನದು ಕೆಳಗಿನದನ್ನು ಗೀರುತ್ತದೆ. ಉಗುರಿನ ಕಾಠಿಣ್ಯ ಸುಮಾರು ಎರಡೂವರೆ. ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಉಗುರಿಗೇ ಸೋಲುವಷ್ಟು ಮೃದು. ಬೇಲೂರು, ಹಳೆಯಬೀಡುಗಳ ಶಿಲ್ಪಿಗಳು ಒಡವೆಯ ಕುಸುರನ್ನು ಕಲ್ಲಿನಲ್ಲಿ ಬಿಡಿಸಲು ಸಾಧ್ಯವಾದುದಕ್ಕೆ ಅಂತಹ ಮೃದುಶಿಲೆಯೂ ಒಂದು ಕಾರಣ.

ವರ್ಗೀಕರಣಗಳು ಹಲವು

ಖನಿಜಗಳನ್ನು ಯಾರು ವಿಂಗಡಿಸುತ್ತಾರೆ ಎಂಬುದರ ಮೇಲೆ ವಿಂಗಡಣೆಯ ರೀತಿ ನಿಂತಿದೆ. ಉದ್ಯಮಿಯ ದೃಷ್ಟಿಯಲ್ಲಿ ಲೋಹದ ಅದಿರುಗಳು, ಅಲೋಹ ಖನಿಜಗಳು, ಇಂಧನಗಳು ಎಂದು ಮೂರು ಬಗೆ. ಸರ್ಕಾರದ ದೃಷ್ಟಿ ಬೇರೆ. 1957ರ ಗಣಿ ಮತ್ತು ಖನಿಜಗಳ ಕಾಯಿದೆಯು ಕಟ್ಟಡದ ಕಲ್ಲು, ಜಲ್ಲಿ, ಸಾಧಾರಣ ಜೇಡಿ ಮತ್ತು ಮರಳುಗಳನ್ನು ಕಿರುಖನಿಜಗಳೆಂದು ಬೇರ್ಪಡಿಸಿತು. ಈ ಪಟ್ಟಿ ಕಾಲಕಾಲಕ್ಕೆ ಬದಲಾಗುವುದುಂಟು. ಅಭ್ರಕ ಮತ್ತು ಬೆಣಚುಕಲ್ಲುಗಳನ್ನು 2015ರಲ್ಲಿ ಕಿರುಖನಿಜಗಳಿಗೆ ಸೇರಿಸಿ, 2025ರಲ್ಲಿ ಮತ್ತೆ ಪ್ರಧಾನ ಖನಿಜಗಳ ಸಾಲಿಗೆ ತರಲಾಯಿತು. ಪಟ್ಟಿ ಬದಲಾದರೂ ಕಲ್ಲಿನ ಗುಣ ಬದಲಾಗಲಿಲ್ಲ.

ಗುಣವನ್ನೇ ಆಧಾರವಾಗಿಟ್ಟುಕೊಂಡ ವರ್ಗೀಕರಣ ರಸಾಯನಶಾಸ್ತ್ರದ್ದು. ಸ್ವೀಡನ್ನಿನ ಬರ್ಜೀಲಿಯಸ್ ತೋರಿಸಿದ ಈ ಹಾದಿಯನ್ನು ಅಮೆರಿಕೆಯ ಜೇಮ್ಸ್ ಡ್ವೈಟ್ ಡೇನಾ ತನ್ನ ಖನಿಜಶಾಸ್ತ್ರ ಗ್ರಂಥದ 1854ರ ಆವೃತ್ತಿಯಲ್ಲಿ ಅನುಸರಿಸಿದನು. ಇಂದಿಗೂ ಅದೇ ತಳಹದಿ. ಇದರ ಮುಖ್ಯ ಸೂತ್ರವೆಂದರೆ, ಖನಿಜದಲ್ಲಿರುವ ಲೋಹವನ್ನು ನೋಡಿ ವಿಂಗಡಿಸದೆ, ಆ ಲೋಹದೊಡನೆ ಕೂಡಿದ ಭಾಗವನ್ನು ನೋಡಿ ವಿಂಗಡಿಸುವುದು.

ಹೀಗೇಕೆ ಎಂಬುದನ್ನು ಆಸ್ಪತ್ರೆಯ ಒಂದು ಉದಾಹರಣೆ ಚೆನ್ನಾಗಿ ತಿಳಿಸುತ್ತದೆ. ಹೊಟ್ಟೆಯ ಕ್ಷಕಿರಣ ಪರೀಕ್ಷೆಗೆ ಮುನ್ನ ರೋಗಿಗೆ ಬಿಳಿಯ ಗಂಜಿಯಂತಹ ಬೇರಿಯಂ ದ್ರಾವಣವನ್ನು ಕುಡಿಸುವುದುಂಟು. ಅದು ಬೇರಿಯಂ ಸಲ್ಫೇಟ್. ಆಂಧ್ರದ ಮಂಗಂಪೇಟೆಯಲ್ಲಿ ಹೇರಳವಾಗಿ ಅಗೆಯುವ ಬೆರೈಟ್ ಖನಿಜವೂ ರಾಸಾಯನಿಕವಾಗಿ ಅದೇ ವಸ್ತು. ಆ ಬೇರಿಯಂ ಲೋಹವೇ ಕಾರ್ಬೊನೇಟ್ ರೂಪದಲ್ಲಿ ವಿದರೈಟ್ ಎಂಬ ಖನಿಜವಾಗುತ್ತದೆ. ಬೇರಿಯಂ ಕಾರ್ಬೊನೇಟ್ ಇಲಿಪಾಷಾಣವಾಗಿ ಬಳಕೆಯಾದ ವಿಷ. ಮೊದಲನೆಯದು ಜಠರದಲ್ಲಿ ಕರಗದೆ ಹಾಗೆಯೇ ಹೊರಬೀಳುತ್ತದೆ. ಎರಡನೆಯದು ಜಠರದ ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ. ಲೋಹ ಒಂದೇ, ಸಂಗಾತಿ ಬೇರೆ. ಒಂದು ರೋಗನಿದಾನಕ್ಕೆ ನೆರವು, ಇನ್ನೊಂದು ಮೃತ್ಯು. ಖನಿಜದ ಹೆಸರಿಗಿಂತ ವರ್ಗ ಮುಖ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮುಖ್ಯ ವರ್ಗಗಳು

1. ಸ್ವತಂತ್ರ ಧಾತುಗಳು. ಇವು ಬೇರೊಂದರೊಡನೆ ಕೂಡದೆ ದೊರೆಯುವುವು. ಚಿನ್ನ, ಗಂಧಕ, ವಜ್ರಗಳು ಈ ವರ್ಗದವು. ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು 2001ರಲ್ಲಿ ಮುಚ್ಚಿದುವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಕೆಲಸ ನಡೆದಿದೆ.

2. ಸಲ್ಫೈಡುಗಳು. ಲೋಹದೊಡನೆ ಗಂಧಕ ಸೇರಿದವು. ಚಿತ್ರದುರ್ಗದ ಬಳಿಯ ಇಂಗಳದಾಳಿನ ತಾಮ್ರದ ಅದಿರು, ಸೀಸದ ಅದಿರಾದ ಗೆಲೀನಾ ಇದಕ್ಕೆ ನಿದರ್ಶನಗಳು. ಕಣ್ಣಿಗೆ ಹಚ್ಚುವ ಸುರ್ಮಾ ಎಂಬ ಹೆಸರಿನಲ್ಲಿ ಮಾರುವ ಹೊಳಪಿನ ಕಪ್ಪು ಪುಡಿ ಎಷ್ಟೋ ವೇಳೆ ಈ ಗೆಲೀನಾ ಆಗಿರುತ್ತದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಎಳೆಯ ಕೂಸುಗಳಿಗೆ ಅದನ್ನು ಹಚ್ಚದಿರುವುದೇ ಕ್ಷೇಮ.

3. ಆಕ್ಸೈಡುಗಳು. ಆಮ್ಲಜನಕದೊಡನೆ ಕೂಡಿದವು. ಸಂಡೂರು, ಹೊಸಪೇಟೆಗಳ ಕೆಂಪು ಹೆಮಟೈಟ್, ಕುದುರೆಮುಖದ ಮ್ಯಾಗ್ನೆಟೈಟ್ ಎರಡೂ ಕಬ್ಬಿಣದ ಅದಿರುಗಳು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಯಲ್ಲಿ ನಿಂತಿತು.

4. ಹ್ಯಾಲೈಡುಗಳು. ಕ್ಲೋರಿನ್, ಫ್ಲೋರಿನ್ ಮುಂತಾದುವುಗಳೊಡನೆ ಕೂಡಿದವು. ಅಡಿಗೆಯ ಉಪ್ಪು ಮತ್ತು ಫ್ಲೋರೈಟ್ ಈ ವರ್ಗಕ್ಕೆ ಸೇರಿವೆ.

5. ಕಾರ್ಬೊನೇಟುಗಳು. ಬಾಗಲಕೋಟೆ, ಶಹಾಬಾದ್, ವಾಡಿಗಳ ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸೈಟ್, ಸೇಲಮಿನ ಮ್ಯಾಗ್ನೆಸೈಟ್.

6. ಸಲ್ಫೇಟುಗಳು. ಬೆರೈಟ್ ಮತ್ತು ಜಿಪ್ಸಂ. ಮುರಿದ ಮೂಳೆಗೆ ಹಾಕುವ ಪ್ಲಾಸ್ಟರು ಕಾಯಿಸಿದ ಜಿಪ್ಸಮ್ಮೇ.

7. ಫಾಸ್ಫೇಟುಗಳು. ಅಪಟೈಟ್ ಇವುಗಳಲ್ಲಿ ಮುಖ್ಯ. ಮನುಷ್ಯನ ಮೂಳೆ ಹಲ್ಲುಗಳಿಗೆ ಗಡಸುತನ ಕೊಟ್ಟಿರುವ ಪದಾರ್ಥವೂ ಇದೇ ಕುಲದ ಹೈಡ್ರಾಕ್ಸಿ ಅಪಟೈಟ್.

8. ಸಿಲಿಕೇಟುಗಳು. ಭೂಮಿಯ ಹೊರಚಿಪ್ಪಿನಲ್ಲಿ ತೂಕದ ಲೆಕ್ಕದಿಂದ ಆಮ್ಲಜನಕ ಸುಮಾರು ಶೇಕಡ 46, ಸಿಲಿಕಾನ್ ಸುಮಾರು ಶೇಕಡ 28. ಆದುದರಿಂದ ಇವೆರಡೂ ಕೂಡಿದ ಸಿಲಿಕೇಟುಗಳೇ ಹೊರಚಿಪ್ಪಿನ ಶೇಕಡ 90ಕ್ಕೂ ಹೆಚ್ಚು ಭಾಗವಾಗಿರುವುದು ಸಹಜ. ಒಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಪರಮಾಣುಗಳು ಕುಳಿತ ಗೊಂಚಲೇ ಇವುಗಳ ಇಟ್ಟಿಗೆ. ಈ ಗೊಂಚಲುಗಳು ಸರಪಳಿಯಾಗಿ ಸೇರಿದರೆ ಹೈಪರ್‌ಸ್ತೀನ್; ಹಾಳೆಯಾಗಿ ಹರಡಿದರೆ ಪದರಪದರವಾಗಿ ಏಳುವ ಅಭ್ರಕ; ಎಲ್ಲ ದಿಕ್ಕಿಗೂ ಬೆಸೆದರೆ ಫೆಲ್ಡ್‌ಸ್ಪಾರ್. ಬೆಣಚುಕಲ್ಲು ಕೇವಲ ಸಿಲಿಕಾನ್ ಡೈ ಆಕ್ಸೈಡ್ ಆದರೂ ಇದೇ ಬಗೆಯ ಕಟ್ಟಡವಿರುವುದರಿಂದ ಅನೇಕರು ಅದನ್ನು ಇಲ್ಲಿಯೇ ಸೇರಿಸುತ್ತಾರೆ.

ದೂಳಾದಾಗ ಅಪಾಯ

ನದಿಯ ಮರಳಿನಲ್ಲಿ ಮಕ್ಕಳು ಆಡುತ್ತಾರೆ, ಅದರಿಂದ ಕೇಡಿಲ್ಲ. ಅದೇ ಬೆಣಚುಕಲ್ಲು ಕಣ್ಣಿಗೆ ಕಾಣದಷ್ಟು ಸಣ್ಣ ದೂಳಾಗಿ ವರ್ಷಗಟ್ಟಲೆ ಉಸಿರಿನೊಡನೆ ಒಳಹೋದರೆ ಶ್ವಾಸಕೋಶವು ಗಂಟುಗಟ್ಟಿ ಬಿರುಸಾಗುತ್ತದೆ. ಇದೇ ಸಿಲಿಕೋಸಿಸ್. ಕ್ಷಯರೋಗವೂ ಅಂತಹವರನ್ನು ಬೇಗ ಹಿಡಿಯುತ್ತದೆ. ಕೋಲಾರದ ಚಿನ್ನ ಬೆಣಚುಕಲ್ಲಿನ ನಾಳಗಳಲ್ಲಿ ಅಡಗಿತ್ತು. ಆ ಕಲ್ಲನ್ನು ಕೊರೆದು ಪುಡಿಮಾಡಿದ ಕಾರ್ಮಿಕರಲ್ಲಿ ಬಹುಮಂದಿ ತಮಿಳುನಾಡಿನ ಉತ್ತರ ಆರ್ಕಾಟಿನಿಂದ ಹೋದವರು. ಅವರಲ್ಲಿ ಈ ರೋಗ ಇದ್ದುದನ್ನು 1940ರ ದಶಕದ ತಪಾಸಣೆಗಳು ಹೊರಗೆಡಹಿದುವು. 1948ರ ಕಾರ್ಖಾನೆಗಳ ಕಾಯಿದೆಯಲ್ಲಿ ಇದು ಸರ್ಕಾರಕ್ಕೆ ವರದಿಮಾಡಲೇಬೇಕಾದ ರೋಗವಾಗಿತ್ತು. ಇದನ್ನು ಗುಣಪಡಿಸುವ ಮದ್ದಿಲ್ಲ. ನೀರು ಚಿಮುಕಿಸಿ ದೂಳನ್ನು ಅಡಗಿಸುವುದು, ತಕ್ಕ ಮುಖಕವಚ ಧರಿಸುವುದು, ಇವೇ ರಕ್ಷಣೆ. ಮನೆಯಲ್ಲಿ ಗ್ರಾನೈಟ್ ಹಾಸುಗಲ್ಲನ್ನು ಯಂತ್ರದಿಂದ ಕೊಯ್ಯಿಸುವಾಗಲೂ ಕಲ್ಲನ್ನು ನೆನೆಸಿ ಕೊಯ್ಯಿಸಬೇಕು. ಕೆಲಸಗಾರನ ಮೂಗಿಗೆ ಕಟ್ಟಿದ ಕರವಸ್ತ್ರ ಸಾಲದು.

ನೀರಿನಲ್ಲಿ ಬಂದ ಖನಿಜ

ದೂಳಿಗಿಂತ ಗುಪ್ತವಾಗಿ ಮನೆಯೊಳಕ್ಕೆ ಬರುವುದು ನೀರಿನಲ್ಲಿ ಕರಗಿದ ಖನಿಜ. ಫ್ಲೋರೈಟ್, ಫ್ಲೋರಿನ್ ಇರುವ ಅಪಟೈಟ್, ಕರಿಯ ಅಭ್ರಕ ಮುಂತಾದುವು ದಕ್ಷಿಣ ಭಾರತದ ಗಟ್ಟಿ ಶಿಲೆಗಳಲ್ಲಿ ಅಲ್ಲಲ್ಲಿ ಹರಡಿವೆ. ಮಳೆ ಕಡಮೆಯಾದ ಸೀಮೆಯಲ್ಲಿ ಅಂತರ್ಜಲವು ಇಂತಹ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತಾಗ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ.

ಇದರಿಂದಾಗುವ ಫ್ಲೋರೋಸಿಸ್ ರೋಗ ಭಾರತದಲ್ಲಿ ಮೊದಲು ಗುರುತಿಗೆ ಬಂದುದು ಅಂದಿನ ಮದರಾಸು ಪ್ರಾಂತ್ಯದಲ್ಲಿಯೇ. ನೆಲ್ಲೂರು ಜಿಲ್ಲೆಯ ಹಳ್ಳಿಗರಲ್ಲಿ ಬೆನ್ನು ಕೀಲುಗಳು ಸೆಟೆದು ನಡೆಯಲಾಗದಂತಾಗುತ್ತಿದ್ದ ವ್ಯಾಧಿಗೆ ಕುಡಿಯುವ ನೀರಿನ ಫ್ಲೋರೈಡೇ ಕಾರಣವೆಂದು ಎಚ್. ಇ. ಷಾರ್ಟ್ ಮತ್ತು ಅವರ ಸಹೋದ್ಯೋಗಿಗಳು 1937ರಲ್ಲಿ ಪ್ರಕಟಿಸಿದರು. ಷಾರ್ಟ್ ಗಿಂಡಿಯ ಕಿಂಗ್ ಸಂಸ್ಥೆಯಲ್ಲಿದ್ದವರು. ಅವರೊಡನೆ ದುಡಿದ ಸಿ. ಜಿ. ಪಂಡಿತರು ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಪ್ರಥಮ ನಿರ್ದೇಶಕರಾದರು.

ಕನ್ನಡಿಗರಿಗೆ ಇದು ದೂರದ ಮಾತಲ್ಲ. ಪಾವಗಡ, ಕೋಲಾರ, ಬಾಗೇಪಲ್ಲಿ, ಗುಡಿಬಂಡೆ, ಮುಂಡರಗಿ ಮೊದಲಾದ ಕಡೆಗಳಲ್ಲಿಯೂ, ಗಡಿಯಾಚೆ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿಯೂ ಈ ತೊಂದರೆ ಇದೆ. ಈ ಎರಡು ಜಿಲ್ಲೆಗಳಿಗೆ ಕಾವೇರಿ ನೀರನ್ನು ಒದಗಿಸಲು 2013ರಲ್ಲಿ ಆರಂಭವಾದ ಹೊಗೇನಕಲ್ ಯೋಜನೆಯ ಪೂರ್ಣ ಹೆಸರಿನಲ್ಲಿಯೇ ಫ್ಲೋರೋಸಿಸ್ ನಿವಾರಣೆಯ ಉದ್ದೇಶ ಸೇರಿದೆ.

ಹಲ್ಲಿನ ಹೈಡ್ರಾಕ್ಸಿ ಅಪಟೈಟಿನಲ್ಲಿ ಫ್ಲೋರೈಡ್ ಅಲ್ಪವಾಗಿ ಸೇರಿದರೆ ಹಲ್ಲು ಹುಳುಕನ್ನು ಎದುರಿಸುವ ಬಲ ಪಡೆಯುತ್ತದೆ. ಮಿತಿಮೀರಿದರೆ ಹಲ್ಲಿನ ಹೊರಕವಚ ಸರಿಯಾಗಿ ಬೆಳೆಯದೆ ಸುಣ್ಣದ ಮಚ್ಚೆ, ಹಳದಿ ಇಲ್ಲವೆ ಕಂದು ಪಟ್ಟೆಗಳು ಮೂಡುತ್ತವೆ. ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಎಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿದ ನೀರಿನ ಫಲ ಇದು. ಆದುದರಿಂದ ಊರಿನಿಂದ ನಗರಕ್ಕೆ ಬಂದ ತರುಣ ತರುಣಿಯರ ಹಲ್ಲಿನ ಕಂದು ಪಟ್ಟೆಯನ್ನು ಅಶುಚಿಯ ಗುರುತೆಂದು ಹೀಗಳೆಯುವುದು ಅಜ್ಞಾನ. ಎಷ್ಟು ಉಜ್ಜಿದರೂ ಅದು ಹೋಗುವಂತಹುದಲ್ಲ. ಅದು ಅವರ ಬಾಲ್ಯದ ಬಾವಿಯ ಗುರುತು. ದೀರ್ಘಕಾಲ ಹೆಚ್ಚು ಫ್ಲೋರೈಡ್ ಸೇವಿಸಿದ ವಯಸ್ಕರಲ್ಲಿ ಮೂಳೆ ಕೀಲುಗಳು ಬಿಗಿದು ನೋಯುತ್ತವೆ. ಇದನ್ನು ಸಾಧಾರಣ ವಾತವೆಂದು ಬಗೆದು ವರ್ಷಗಳನ್ನು ಕಳೆಯುವವರುಂಟು.

ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ದೊರೆಯದಿದ್ದರೆ 1.5 ಮಿಲಿಗ್ರಾಂ ಕಡೆಯ ಮಿತಿ. ನೀರನ್ನು ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ. ನಾಗಪುರದ ನೀರಿ ಸಂಸ್ಥೆಯವರು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣ ಮತ್ತು ಪಟಿಕಗಳಿಂದಲೂ, ಅಲ್ಲದೆ ಸಕ್ರಿಯ ಅಲ್ಯೂಮಿನದಿಂದಲೂ, ಆರ್.ಓ. ಯಂತ್ರದಿಂದಲೂ ಇದನ್ನು ತೆಗೆಯಬಹುದು.

ಇಲ್ಲಿ ಒಂದು ತಪ್ಪು ಕಲ್ಪನೆ ಬಳಕೆಯಲ್ಲಿದೆ. ಕೈಯಲ್ಲಿ ಹಿಡಿಯುವ ಟಿ.ಡಿ.ಎಸ್. ಮಾಪಕದಲ್ಲಿ ಅಂಕಿ ಕಡಮೆ ಬಂದರೆ ನೀರು ಒಳ್ಳೆಯದೆಂದು ಜನ ನಂಬುತ್ತಾರೆ. ಆ ಅಂಕಿ ಕರಗಿದ ವಸ್ತುಗಳ ಒಟ್ಟು ಮೊತ್ತದ ಅಂದಾಜು ಮಾತ್ರ. ಮೊತ್ತ 300 ಇದ್ದು ಅದರಲ್ಲಿ ಫ್ಲೋರೈಡ್ 3 ಇದ್ದರೆ ಆ ನೀರು ಹಾನಿಕರ; ಮೊತ್ತ 450 ಇದ್ದು ಬಹುಭಾಗ ಸುಣ್ಣಾಂಶವೇ ಆಗಿದ್ದರೆ ಪಾತ್ರೆಗೆ ಕರೆ ಕಟ್ಟೀತು, ದೇಹಕ್ಕೆ ಕೇಡಿಲ್ಲ. ಎಷ್ಟಿದೆ ಎಂಬುದರ ಜೊತೆಗೆ ಯಾವುದಿದೆ ಎಂಬುದೂ ತಿಳಿಯಬೇಕು. ಅದನ್ನು ತಿಳಿಸುವುದು ಪ್ರಯೋಗಶಾಲೆಯ ನೀರಿನ ಪರೀಕ್ಷೆ.

ಆಹಾರದ ಖನಿಜಾಂಶಗಳು

ವೈದ್ಯರು ಹೇಳುವ 'ಖನಿಜಾಂಶ' ಭೂವಿಜ್ಞಾನಿಯ ಖನಿಜವಲ್ಲ. ಖನಿಜಗಳಿಂದ ಮಣ್ಣಿಗೂ, ಮಣ್ಣಿನಿಂದ ಸಸ್ಯಕ್ಕೂ ಬಂದ ಧಾತುಗಳು. ಇವುಗಳಲ್ಲಿಯೂ ಎರಡು ವರ್ಗ. ದಿನಕ್ಕೆ 100 ಮಿಲಿಗ್ರಾಮಿಗಿಂತ ಹೆಚ್ಚು ಬೇಕಾದ ಕ್ಯಾಲ್ಸಿಯಂ, ರಂಜಕ, ಪೊಟ್ಯಾಸಿಯಂ, ಸೋಡಿಯಂ, ಮ್ಯಾಗ್ನೀಸಿಯಂ ಮುಂತಾದುವು ಮೊದಲನೆಯದು. ಲೇಶಮಾತ್ರ ಸಾಕಾಗುವ ಕಬ್ಬಿಣ, ಸತು, ಅಯೊಡಿನ್ ಮುಂತಾದುವು ಎರಡನೆಯದು. ವಯಸ್ಕನ ದೇಹದಲ್ಲಿರುವ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಮ್ಮಿನಲ್ಲಿ ಶೇಕಡ 99 ಭಾಗ ಮೂಳೆ ಹಲ್ಲುಗಳಲ್ಲಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿರುವುದು ಇದರ ಒಂದು ಚಿಕ್ಕ ಅಂಶ ಮಾತ್ರ. ನಗರಕ್ಕೆ ಬಂದು ರಾಗಿಯನ್ನು ಮರೆತ ಕುಟುಂಬಗಳು ಅದನ್ನು ಮತ್ತೆ ಅಡಿಗೆಮನೆಗೆ ಬರಮಾಡಿಕೊಳ್ಳುವುದು ಒಳಿತು.

ಚೆನ್ನೈಯ ಮನೆಮನೆಗೆ ಕ್ಯಾನುಗಳಲ್ಲಿ ಬರುವ ನೀರನ್ನು ಎಲ್ಲರೂ 'ಮಿನರಲ್ ವಾಟರ್' ಎಂದೇ ಕರೆಯುತ್ತಾರೆ. ಬಹುಮಟ್ಟಿಗೆ ಅದು ಶೋಧಿಸಿ, ಇದ್ದ ಖನಿಜಾಂಶವನ್ನೂ ಬಹುಪಾಲು ತೆಗೆದ 'ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್'. ಇದರ ಮಾನಕದ ಸಂಖ್ಯೆ 14543. ನಿಸರ್ಗದತ್ತ ಖನಿಜಯುಕ್ತ ನೀರಿನ ಮಾನಕ 13428. ಅಂತಹ ಶೋಧಿತ ನೀರನ್ನು ಕುಡಿಯುವವರು ಕ್ಯಾಲ್ಸಿಯಂ, ಮ್ಯಾಗ್ನೀಸಿಯಂಗಳನ್ನು ನೀರಿನಿಂದ ನಿರೀಕ್ಷಿಸದೆ ರಾಗಿ, ಹಾಲು, ಮೊಸರು, ಎಳ್ಳು, ಸೊಪ್ಪು, ಬೇಳೆಗಳಿಂದ ಪಡೆಯಬೇಕು. ಉಪ್ಪನ್ನು ಕೊಳ್ಳುವಾಗ ಅಯೊಡಿನ್ ಸೇರಿದುದೇ ಎಂದು ನೋಡಬೇಕು, ಬಳಕೆಯಲ್ಲಿ ಮಿತವಿರಬೇಕು.

ಮನೆಯಲ್ಲಿ ನೆನಪಿಡಬೇಕಾದುವು

ಕೊಳವೆಬಾವಿಯ ನೀರನ್ನು ಕುಡಿಯುವವರು ಅದನ್ನು ಒಮ್ಮೆ ಪ್ರಯೋಗಶಾಲೆಗೆ ಕಳುಹಿಸಿ ಫ್ಲೋರೈಡ್, ನೈಟ್ರೇಟ್, ಗಡಸುತನಗಳನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಬೇಕು. ನಿವೃತ್ತಿಯ ತರುವಾಯ ಹೊಸೂರು, ಕೋಲಾರ, ತುಮಕೂರುಗಳ ಕಡೆ ನಿವೇಶನ ಕೊಂಡು ಕೊಳವೆಬಾವಿ ತೋಡಿಸುವವರು ಗೃಹಪ್ರವೇಶಕ್ಕೆ ಮುನ್ನವೇ ಈ ಪರೀಕ್ಷೆ ಮಾಡಿಸುವುದು ಅವಶ್ಯ. ಎಳೆಯ ಮಕ್ಕಳನ್ನು ಹಿರಿಯರ ಬಳಿ ಹಳ್ಳಿಯಲ್ಲಿ ವರ್ಷಗಟ್ಟಲೆ ಬಿಡುವ ಕುಟುಂಬಗಳಂತೂ ಅಲ್ಲಿನ ನೀರಿನ ವಿವರವನ್ನು ತಿಳಿದಿರಲೇಬೇಕು. ರಜೆಯ ಕೆಲವು ದಿನಗಳ ವಾಸಕ್ಕೆ ಅಂಜಬೇಕಾಗಿಲ್ಲ. ಕೀಲುನೋವಿಗೆ ವೈದ್ಯರ ಬಳಿಗೆ ಹೋದವರು ತಾವು ಹುಟ್ಟಿ ಬೆಳೆದ ಊರನ್ನೂ ಅಲ್ಲಿ ಕುಡಿದ ನೀರನ್ನೂ ಮರೆಯದೆ ತಿಳಿಸಬೇಕು. ರೋಗದ ಮೂಲ ಹಲವು ವೇಳೆ ಆ ಉತ್ತರದಲ್ಲಿಯೇ ದೊರೆಯುತ್ತದೆ.